ಎರಡನೇ ಟೇಪು

ಬೆಳಿಗ್ಗೆ ಯಂತ್ರದ ಕೋಣೆಯ ಬಾಗಿಲು ತೆಗೆದಾಗ ಟೇಪು ಇನ್ನೂ ಓಡುತ್ತಲೇ ಇತ್ತು. ಓಡುತ್ತಿತ್ತು ಅನ್ನುವುದೂ ತಪ್ಪು — ತುಸು ಓಡುವುದು, ನಿಲ್ಲುವುದು, ಹಿಂದಕ್ಕೆ ಸುತ್ತುವುದು, ಮತ್ತೆ ಓಡುವುದು. ಮೆಟ್ಟಿಲು ಹತ್ತುವ ಉಬ್ಬಸದವನ ಹಾಗೆ.

"ಇವತ್ತೂ?" ಎಂದರು ಮಾವ.

"ಇವತ್ತೂ," ಎಂದ ದೊಡ್ಡಳಿಯ. ಮುಖದ ಮೇಲೆ ದುಃಖ ತಂದುಕೊಳ್ಳಲು ಅವನು ಪಟ್ಟ ಪಾಡು ಅವನಿಗೇ ಗೊತ್ತು.

ಶಾಲೆಗಳಿಗೆ ಭೂಪಟ ಅಚ್ಚು ಹಾಕುವ ಮುದ್ರಣಾಲಯ ಅದು. ಹಗಲು ತಿದ್ದಿದ ನಕಾಶೆಗಳೆಲ್ಲ ಸಂಜೆಯಿಂದ ಟೇಪಿಗೆ ನಕಲಾಗಬೇಕು. ಆ ಬ್ಯಾಕಪ್ ಮುಗಿಯದೆ ಅಚ್ಚಿನ ಯಂತ್ರ ತಿರುಗಕೂಡದು ಎಂಬುದು ಮಾವನ ಕಟ್ಟಳೆ. ವರ್ಷಗಟ್ಟಲೆ ಇದು ದೊಡ್ಡಳಿಯನ ರಾಜ್ಯವಾಗಿತ್ತು. ಅವನ ಸಾಫ್ಟ್‌ವೇರ್ ಬೆಳಗಿನ ತನಕ ತೆವಳುತ್ತಿತ್ತು. ಅವನು ಎಲ್ಲರಿಗಿಂತ ಮುಂಚೆ ಬಂದು, ಅದರೆದುರು ಕೂತು, ಮುಗಿಸಿಕೊಡುತ್ತಿದ್ದ.

ಆಮೇಲೆ ಹೆಂಡತಿಯ ತಂಗಿಯ ಗಂಡ ಬಂದ. ಷಡ್ಡಕ. ಬರುವಾಗ ಹೊಸ ಸಾಫ್ಟ್‌ವೇರ್ ತಂದ. ಟೇಪು ಓಡಿಸುವ ಡ್ರೈವ್ ಇನ್ನೊಂದು ಕೊಂಡರೂ ಅದೇ ಜಾತಿಯದು. ನಿಜವಾಗಿ ಬದಲಾದದ್ದು ಸಾಫ್ಟ್‌ವೇರ್ ಮಾತ್ರ. ಹಳೆಯದು ಒಂದೊಂದೇ ಫೈಲನ್ನು ಚಮಚದಲ್ಲಿ ಉಣಿಸುತ್ತಿತ್ತು. ಹೊಸದು ಹತ್ತಾರನ್ನು ಕಲೆಸಿ, ಅಮುಕಿ, ಒಂದೇ ಧಾರೆಯಾಗಿ ಸುರಿಯಿತು. ಟೇಪು ಎಲ್ಲೂ ನಿಲ್ಲದೆ ಗುಂಯ್‌ಗುಟ್ಟಿತು. ಮಾವ ಊಟಕ್ಕೆ ಕೂರುವ ಮೊದಲೇ ಕೆಲಸ ಮುಗಿಯತೊಡಗಿತು.

"ತಂಗಿ ಗಂಡ ಎಷ್ಟು ಚುರುಕು ನೋಡಿ," ಎಂದಳು ದೊಡ್ಡಳಿಯನ ಹೆಂಡತಿ ಬಡಿಸುತ್ತ. ತುತ್ತು ಅವನ ಗಂಟಲಲ್ಲಿ ನಿಂತು, ಹಿಂದೆ ಸರಿದು, ಮತ್ತೆ ಇಳಿಯಿತು.

ಹಳೆಯ ಡ್ರೈವ್ ಮುಸುಕು ಹೊದ್ದು ಕೆಳಗಿನ ಹಲಗೆ ಸೇರಿತು. ಸಾಲದ್ದಕ್ಕೆ ಈಚೆಗೆ ಕಚೇರಿಯ ಬೆಕ್ಕು ಬೇರೆ ಅದರ ಮೇಲೆ ಹಾಸಿಗೆ ಮಾಡಿಕೊಂಡಿತ್ತು. ತನ್ನ ದುಡಿಮೆಯ ಮೇಲೆ ಬೆಕ್ಕು ಬಾಲ ಸುತ್ತಿಕೊಂಡು ಮಲಗಿದ್ದನ್ನು ದೊಡ್ಡಳಿಯ ದಿನಾ ನೋಡುತ್ತಿದ್ದ, ದಿನಾ ಉರಿಯುತ್ತಿದ್ದ.

ಈಗ ಒಂದು ವಾರದಿಂದ ಹೊಸದರ ವೇಗವೇ ಮಾಯ. ಅಚ್ಚಿನವರು ಮಧ್ಯಾಹ್ನದ ತನಕ ಕೈಕಟ್ಟಿ ಕೂರುತ್ತಿದ್ದರು.

"ಯಾರೋ ಬೇಕಂತ ಮಾಡ್ತಿದಾರೆ," ಎಂದ ಚಿಕ್ಕಳಿಯ. ಯಾರೋ ಎನ್ನುವಾಗ ಅವನ ಕಣ್ಣು ಎಲ್ಲಿತ್ತೆಂದು ಎಲ್ಲರೂ ನೋಡಿದರು.

"ಈ ಕೋಣೆ ಕೀಲಿಕೈ ಇರೋದು ನನ್ನ ಹತ್ರ, ನಿಮ್ಮಿಬ್ಬರ ಹತ್ರ," ಎಂದರು ಮಾವ. "ಯಾರು ಅಂತ ಗೊತ್ತಾದ್ರೆ ಕೀಲಿಕೈ ಇಟ್ಟು ನಡೀಬೇಕು. ಅಳಿಯ ಅಂತ ಮುಖ ನೋಡಲ್ಲ."

ದೊಡ್ಡಳಿಯನ ಕೈ ತಾನಾಗಿ ಜೇಬಿನ ಕೀಲಿಕೈಗೆ ಹೋಯಿತು. ಅವನಿಗೆ ಉಳಿದಿದ್ದ ಪದವಿ ಅದೊಂದೇ.

ಪತ್ತೆಗೆ ಬಂದವರು ಮಾವನ ಅಕ್ಕ, ಅಳಿಯಂದಿರಿಬ್ಬರಿಗೂ ಅತ್ತೆ. ನ್ಯಾಯಾಲಯದಲ್ಲಿ ಸ್ಟೆನೋ ಆಗಿದ್ದು, ಕಂಡವರ ಸುಳ್ಳನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಂಡೇ ನಿವೃತ್ತರಾದವರು. ಕುರ್ಚಿ ಎಳೆದುಕೊಂಡು ಕೂತರು.

"ದೊಡ್ಡಳಿಯಂದ್ರೇ, ಹೊಸ ಸಾಫ್ಟ್‌ವೇರ್ ಬಂದಾಗ ಹೇಗನ್ನಿಸ್ತು?"

"ಸಂತೋಷ ಆಯ್ತು, ಅತ್ತೆ."

"ಇದನ್ನ ಬರ್ಕೊಳ್ಳೋದಿಲ್ಲ. ಹೇಳಿ."

"...ಹೊಟ್ಟೆ ಉರೀತು."

"ಕೆಡಿಸಿದ್ರಾ?"

"ಇಲ್ಲ. ಕೆಡಲಿ ಅಂದ್ಕೊಂಡೆ. ಅಷ್ಟೇ."

"ಅಂದ್ಕೊಂಡಿದ್ದಕ್ಕೆ ಶಿಕ್ಷೆ ಇದ್ದಿದ್ರೆ ನಮ್ಮ ಮನೆತನ ಪೂರ್ತಿ ಒಳಗಿರ್ತಿತ್ತು." ಅತ್ತೆ ಚಿಕ್ಕಳಿಯನ ಕಡೆ ತಿರುಗಿದರು. "ನೀವು? ಹಳೇದನ್ನ ಯಾವತ್ತಾದ್ರೂ ನಡೆಸಿದ್ದುಂಟಾ?"

"ಅದರಲ್ಲಿ ನಡೆಸೋದೇನಿದೆ?" ಎಂದ ಚಿಕ್ಕಳಿಯ. "ಗುಂಡಿ ಒತ್ತಿದ್ರೆ ಆಯ್ತು. ಅಣ್ಣ ಅದರ ಮುಂದೆ ಯಾಕೆ ತಪಸ್ಸು ಕೂರ್ತಿದ್ರೋ, ಅವರಿಗೇ ಗೊತ್ತು."

ಅತ್ತೆ ಕೆಳಗಿನ ಹಲಗೆಯ ಬೆಕ್ಕಿನ ಕಡೆ ಬೆರಳು ತೋರಿಸಿದರು.

"ಕಿಟಕಿಯಲ್ಲಿ ಬಿಸಿಲಿದೆ. ಕುರ್ಚಿಗೆ ಮೆತ್ತೆ ಇದೆ. ಇದು ಹೋಗಿ ತಣ್ಣನೆ ಕಬ್ಬಿಣದ ಮೇಲೆ ಯಾಕೆ ಮಲಗಿದೆ?"

ಅವರು ಬೆಕ್ಕನ್ನು ಎತ್ತಿ ತಮ್ಮನ ಕೈಗಿಟ್ಟು, ಮುಸುಕಿನ ಮೇಲೆ ಅಂಗೈ ಊರಿದರು. ಬೆಚ್ಚಗಿತ್ತು. ಮುಸುಕು ಸರಿಸಿದರೆ — ಕೆಂಪು ದೀಪ ಮಿನುಗುತ್ತಿದೆ. ಅದಕ್ಕೆ ಜೋಡಿಸಿದ್ದ ಹಳೆಯ ಪರದೆಯ ಗುಂಡಿ ಒತ್ತಿದರು. ಒಂದೇ ಸಾಲು: ಎರಡನೇ ಟೇಪು ಹಾಕಿ.

ಮಾವ ಬೆಕ್ಕನ್ನು ಕಂಕುಳಿಗೆ ಸೇರಿಸಿ, ದೊಡ್ಡಳಿಯನ ಮುಂದೆ ಕೈ ಚಾಚಿದರು. ಕೀಲಿಕೈ ಜೇಬಿನಿಂದ ಅರ್ಧ ಹೊರಗೆ ಬಂತು.

"ತಡಿ," ಎಂದರು ಅತ್ತೆ. "ದೊಡ್ಡಳಿಯಂದ್ರೇ, ಎರಡೂ ಸಾಫ್ಟ್‌ವೇರ್ ಒಟ್ಟಿಗೆ ನಡೆದ್ರೆ ಏನಾಗುತ್ತೆ?"

"ನಕಾಶೆ ಇರೋ ಒಂದೇ ಡಿಸ್ಕಿಗೆ ಎರಡೂ ಬಾಯಿ ಹಾಕ್ತವೆ," ಎಂದ ದೊಡ್ಡಳಿಯ. "ಹೊಸದಕ್ಕೆ ಹೊಟ್ಟೆ ತುಂಬಲ್ಲ. ಅದಕ್ಕೇ ಟೇಪು ಹೀಗೆ ನಿಂತು ನಿಂತು ಓಡೋದು. ಮೊದಲನೇ ಟೇಪು ತುಂಬಿದ್ಮೇಲೂ ಹಳೇದು ಫೈಲುಗಳನ್ನ ಬಿಡಲ್ಲ, ಬಿಗಿಹಿಡ್ಕೊಂಡು ಎರಡನೇದಕ್ಕೆ ಕಾಯುತ್ತೆ."

"ನೀವು ಬೆಳಿಗ್ಗೆ ಬೇಗ ಬಂದು ಏನ್ಮಾಡ್ತಿದ್ರಿ?"

"ಎರಡನೇ ಟೇಪು ಕೈಲಿ ಹಿಡ್ಕೊಂಡು ಕೂರ್ತಿದ್ದೆ. ನನ್ನದು ಅಮುಕಲ್ಲ, ಒಂದು ಟೇಪಲ್ಲಿ ಹಿಡಿಸ್ತಿರ್ಲಿಲ್ಲ."

"ಕೇಳಿಸ್ತಲ್ಲ? ಬೆಕ್ಕು ಹೇಳಿದ್ದು ಹೇಗೆ ಅಂತ. ಯಾರು ಅಂತ ಹೇಳ್ತಿರೋದು ಈ ಪರದೆ. ಇದನ್ನ ಶುರು ಮಾಡಿದವರಿಗೆ ಎರಡನೇ ಟೇಪಿನ ಸಂಗತಿಯೇ ಗೊತ್ತಿಲ್ಲ. ವಾರಪೂರ್ತಿ ದಿನಾ ಅರ್ಧ ನಕಲು ಮಾಡಿ, ಪೂರ್ತಿ ಆಯ್ತು ಅಂದ್ಕೊಂಡಿದಾರೆ. ನನ್ನ ತಮ್ಮ ಅಲ್ಲ, ಅವನಿಗೆ ಗುಂಡಿ ಎಲ್ಲಿದೆ ಅಂತಾನೇ ತಿಳೀದು." ಆಮೇಲೆ ಚಿಕ್ಕಳಿಯನ ಧಾಟಿಯನ್ನೇ ಎರವಲು ಪಡೆದರು: "ಗುಂಡಿ ಒತ್ತಿದ್ರೆ ಆಯ್ತು, ಅಲ್ವಾ?"

ಚಿಕ್ಕಳಿಯನ ಮುಖ ಇಳಿಯಿತು.

"ಕೆಡಿಸೋಕಲ್ಲ," ಎಂದ. "ಮಾವ ಫೋನಲ್ಲಿ ಯಾರಿಗೋ ಹೇಳ್ತಿದ್ರು — ಚಿಕ್ಕವನದು ಬೇಗ ಆಗುತ್ತೆ, ಆದ್ರೆ ದೊಡ್ಡವನ ಟೇಪಿದ್ದಾಗ ನಿದ್ದೆ ಬರ್ತಿತ್ತು ಅಂತ. ಇಷ್ಟು ವೇಗ ಕೊಟ್ರೂ ನಿದ್ದೆ ಇವರ ಪಾಲಿಗೆ. ಮೈಯೆಲ್ಲ ಉರೀತು. ಆಮೇಲೆ ನನ್ನ ನಿದ್ದೆಯೇ ಹಾರಿಹೋಯ್ತು. ನನ್ನದು ಕೈಕೊಟ್ರೆ? ಇರ್ಲಿ ಅಂತ ಗುಟ್ಟಾಗಿ ಇವರದನ್ನೂ ಹಾಕ್ದೆ. ವೇಗ ಹೋಗಿದ್ದು ಇದರಿಂದಲೇ ಅಂತ ಗೊತ್ತಾದ್ಮೇಲೆ ಹೇಳೋಕೆ ಬಾಯಿ ಬರ್ಲಿಲ್ಲ."

"ಇವರ ಮೇಲೆ ಹಾಕೋಕೆ ಬಂತು," ಎಂದರು ಅತ್ತೆ.

ಅವನು ಕೀಲಿಕೈ ಮೇಜಿನ ಮೇಲಿಟ್ಟ.

ದೊಡ್ಡಳಿಯ ಅದನ್ನು ನೋಡಿದ. ಎಷ್ಟು ದಿನದಿಂದ ಕಾದ ನೋಟ. ಆದರೆ ಅವನ ಕಿವಿಯಲ್ಲಿ ಇನ್ನೊಂದೇ ಮಾತು ಸುತ್ತುತ್ತಿತ್ತು — ಇವನಿಗೆ, ಈ ಚುರುಕಿನವನಿಗೆ, ನನ್ನನ್ನು ಕಂಡು ಉರಿಯಿತು. ಇವನು ಹೋದರೆ ಇನ್ನು ಉರಿಯುವವರು ಯಾರು?

"ಇರಲಿ ಬಿಡಿ ಮಾವ," ಎಂದ. "ಹುಡುಗ. ಕೀಲಿಕೈ ಅವನ ಹತ್ರಾನೇ ಇರಲಿ."

"ದೊಡ್ಡ ಮನಸ್ಸು ನಿಮ್ಮದು," ಎಂದರು ಮಾವ.

ಅತ್ತೆ ಖಾಲಿ ಅಂಗೈಯ ಮೇಲೆ ಬೆರಳಿನಿಂದ ಏನನ್ನೋ ಗೀಚಿಕೊಂಡರು — ಶೀಘ್ರಲಿಪಿಯ ಹಳೆಯ ಅಭ್ಯಾಸ.

ದೊಡ್ಡಳಿಯ ಬಗ್ಗಿ ಹಳೆಯ ಡ್ರೈವಿನ ವೈರು ಕಿತ್ತ. ಮೇಲಿನ ಟೇಪು ಒಮ್ಮೆ ತಡವರಿಸಿ, ನಿಲ್ಲದೆ ಗುಂಯ್‌ಗುಡತೊಡಗಿತು. ಕೇಳಲು ಚೆನ್ನಾಗಿತ್ತು. ಅಷ್ಟು ಚೆನ್ನಾಗಿರಬಾರದಿತ್ತು.