ಒಂದು ಲೀಟರ್ ಜಾಸ್ತಿ

ನಿಂಗರಾಜುವಿನ ಮನೆಯ ಹಾಲು ಒಂದು ಲೀಟರ್ ಜಾಸ್ತಿ ಬರತೊಡಗಿದ ದಿನದಿಂದ ನನ್ನ ನೆಮ್ಮದಿ ಕೆಟ್ಟಿತು.

ಬೇರೆ ಯಾರದಾದರೂ ಆಗಿದ್ದರೆ ಬರೆದುಕೊಂಡು ಸುಮ್ಮನಾಗುತ್ತಿದ್ದೆ. ಚಿನಕುರಳಿಯಿಂದ ಎರಡು ಮೈಲಿ ಒಳಗಿರುವ ನಮ್ಮೂರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನು, ಹೆಸರು ಅನು. ಬೆಳಗ್ಗೆ ಆರಕ್ಕೊಂದು ಸಲ, ಸಂಜೆ ಐದೂವರೆಗೊಂದು ಸಲ ಊರ ಹಾಲೆಲ್ಲ ನನ್ನ ಮುಂದೆಯೇ ಹಾದುಹೋಗುತ್ತದೆ. ಯಾರ ಹಸು ಗಬ್ಬವಾಗಿದೆ, ಯಾರದು ಬತ್ತುತ್ತಿದೆ ಎಂದು ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನಿಂಗರಾಜುವಿನ ಕೊಟ್ಟಿಗೆಯಲ್ಲಿ ಮೂರು ಸೀಮೆಹಸು. ಬೆಳಗ್ಗೆ ಹತ್ತು ಲೀಟರ್, ಸಂಜೆ ಎಂಟು ತರುತ್ತಿದ್ದವನು ಇದ್ದಕ್ಕಿದ್ದಂತೆ ಹನ್ನೊಂದು, ಒಂಬತ್ತು ತರತೊಡಗಿದ. ಹೊಸ ಹಸು ಕಟ್ಟಿಲ್ಲ, ಇದ್ದದ್ದು ಕರು ಹಾಕಿಲ್ಲ. ಮತ್ತೆ ಹೊತ್ತಿಗೊಂದರಂತೆ ಆ ಒಂದು ಲೀಟರ್ ಎಲ್ಲಿಂದ ಬಂತು?

ನೀರು ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೇ ನನ್ನ ಮೇಲೆ ನನಗೆ ಸಿಟ್ಟು ಬಂತು. ಮೂರು ವಾರ ತಡೆದುಕೊಂಡೆ. ತಡೆಯುವುದು ನನ್ನ ಜಾಯಮಾನವಲ್ಲ.

ಒಂದು ಬೆಳಗ್ಗೆ, ಸಾಲಿನಲ್ಲಿ ಇಪ್ಪತ್ತು ಜನ ನಿಂತಿರುವಾಗಲೇ, ಅವನ ಹಾಲನ್ನು ಎರಡೆರಡು ಸಲ ಮಿಷನ್ನಿಗೆ ಹಾಕಿದೆ. ಫ್ಯಾಟು ಮೂರು ಪಾಯಿಂಟ್ ಒಂಬತ್ತು. ಎಸ್‌ಎನ್‌ಎಫ್, ಅಂದರೆ ಜಿಡ್ಡು ತೆಗೆದರೂ ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ, ಎಂಟು ಪಾಯಿಂಟ್ ಆರು. ನೀರು ಬೆರೆಸಿದ್ದರೆ ಅದು ಇಳಿಯಬೇಕಿತ್ತು. ಇಳಿದಿರಲಿಲ್ಲ. ಹಾಲು ಅಪ್ಪಟವಾಗಿತ್ತು.

ನಿಂಗರಾಜು ಕ್ಯಾನಿನ ಮುಚ್ಚಳ ಹಿಡಿದುಕೊಂಡೇ ನಿಂತಿದ್ದ. "ನೀರೈತಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ."

"ಎರಡ್ ಸಲ ನೋಡ್ದಲ್ಲ, ಅದುಕ್ ಕೇಳ್ದೆ."

ಅಷ್ಟೇ. ಖಾಲಿ ಕ್ಯಾನು ಎತ್ತಿಕೊಂಡು ಹೊರಟುಹೋದ, ನನ್ನ ಕಡೆ ನೋಡಲೇ ಇಲ್ಲ.

ಅವನದೊಂದು ನೋಟವಿದೆ. ಹಾಲು ಸುರಿದಾದ ಮೇಲೆ ಮೊದಲು ಮಿಷನ್ನಿನ ಅಂಕಿ ನೋಡುತ್ತಾನೆ. ಆಮೇಲೆ ನನ್ನನ್ನು ನೋಡುತ್ತಾನೆ, ಅಂಕಿ ಹಾಕಿದವಳು ನಾನೇ ಎನ್ನುವ ಹಾಗೆ. ನಗು ಇನ್ನೇನು ಕೆನ್ನೆಗೆ ಬಂತು ಅನ್ನುವಷ್ಟರಲ್ಲಿ ತಿರುಗಿಬಿಡುತ್ತಾನೆ. ಹೈಸ್ಕೂಲಿನಲ್ಲಿ ಒಂದೇ ಕ್ಲಾಸಿನಲ್ಲಿ ಓದಿದವರು ನಾವು, ಆಗಲೂ ಇದೇ ನೋಟ. ಆ ಒಂದು ಗಳಿಗೆಗಾಗಿ ನಾನು ಐದಕ್ಕೇ ಎದ್ದು ತಲೆ ಬಾಚಿಕೊಳ್ಳುತ್ತೇನೆ ಎಂದು ಹೇಳಿಕೊಳ್ಳಲು ಈಗ ನನಗೆ ನಾಚಿಕೆಯೇನಿಲ್ಲ.

ಆದರೆ ಆ ನೋಟ ನಿಂತದ್ದು ಅವತ್ತಲ್ಲ. ಐದು ವಾರದ ಹಿಂದೆಯೇ ನಿಂತಿತ್ತು. ನಿಲ್ಲಿಸಿದ್ದು ನನ್ನ ಬಾಯಿ.

ನಾಗಮಂಗಲದ ಕಡೆಯವರು ಅವನಿಗೆ ಹೆಣ್ಣು ಕೊಡುವ ಮಾತಾಡಿ ಹೋಗಿದ್ದಾರೆ ಎಂದು ನನಗೆ ಒಂದು ಸಂಜೆ ಗೊತ್ತಾಯಿತು. ಹುಡುಗಿ ತೆಳ್ಳಗೆ ಬೆಳ್ಳಗೆ ಇದ್ದಾಳಂತೆ, ಬಿಎಡ್ ಮಾಡಿದ್ದಾಳಂತೆ. ಆ ರಾತ್ರಿ ಊಟ ಸೇರಲಿಲ್ಲ. ಮಾರನೆಯ ಬೆಳಗ್ಗೆ ನಿಂಗರಾಜು ಹಾಲು ಹಾಕಿದವನು ಹೋಗದೆ ಅಲ್ಲೇ ಸುಳಿದಾಡುತ್ತಿದ್ದ. ಬೂಸಾ ಮೂಟೆ ತೂಗುವ ದೊಡ್ಡ ತೂಕದ ಮಿಷನ್ನು ಮೂಲೆಯಲ್ಲಿತ್ತು. ಹೊತ್ತು ಕಳೆಯಲೆಂದು ಅದರ ಮೇಲೆ ಹತ್ತಿ ನಿಂತ. ನನ್ನ ಹೊಟ್ಟೆಯುರಿ ಅಷ್ಟಕ್ಕೇ ಕಾಯುತ್ತಿತ್ತು. ಅಂಕಿ ನೋಡಿ, ಹಾಲಿನ ತೂಕ ಕೂಗುವ ಹಾಗೆಯೇ ಇಡೀ ಸಾಲಿಗೆ ಕೇಳುವಂತೆ ಕೂಗಿದೆ: "ನಿಂಗರಾಜು, ತೊಂಬತ್ತೆಂಟು ಪಾಯಿಂಟ್ ನಾಕು. ಫ್ಯಾಟು ನೋಡ್ಬೇಕಾಗಿಲ್ಲ, ಕಣ್ಣಿಗೇ ಕಾಣ್ತದೆ."

ಡೈರಿ ನಕ್ಕಿತು. ಪುಟ್ಟಸ್ವಾಮಣ್ಣನಂತೂ ಕಂಬ ಹಿಡಿದುಕೊಂಡು ನಕ್ಕ. ಊರಿನಲ್ಲಿ ಯಾರಿಗೆ ಏನೇ ಆದರೂ ಮೊದಲು ನಗುವವನು ಅವನೇ. ನಿಂಗರಾಜು ಕೂಡ ನಕ್ಕ. ಆದರೆ ಕಿವಿಯವರೆಗೂ ಕೆಂಪಾಗಿ, ಮಿಷನ್ನಿನಿಂದ ಇಳಿದು, ಹೇಳಬೇಕೆಂದು ಬಂದದ್ದನ್ನು ಹೇಳದೆ ಹೊರಟುಹೋದ.

ಮಾರನೆಯ ದಿನದಿಂದ ಅವನ ಓಟ ಶುರುವಾಯಿತು. ಬೈಕಿನಲ್ಲಿ ಹಾಲು ತರುತ್ತಿದ್ದವನು ನಡೆದು ಬರತೊಡಗಿದ. ಬೆಳಕು ಹರಿಯುವ ಮೊದಲೇ ನಾಲೆ ಏರಿಯ ಮೇಲೆ ಓಡುತ್ತಾನೆ, ಭಾನುವಾರ ಕುಂತಿಬೆಟ್ಟ ಹತ್ತಿ ಇಳಿಯುತ್ತಾನೆ ಎಂದು ಊರು ಮಾತಾಡಿಕೊಂಡಿತು. ವಾರಕ್ಕೊಮ್ಮೆ ಅವನ ಬೆಲ್ಟಿಗೆ ಒಂದು ಹೊಸ ತೂತು ಬೀಳುತ್ತಿತ್ತು. ಕೆನ್ನೆ ಇಳಿಯಿತು, ಕತ್ತಿನ ಮೂಳೆ ಕಂಡಿತು. ನಾಗಮಂಗಲದವಳಿಗಾಗಿ ಇಷ್ಟೆಲ್ಲಾ ಎಂದು ನಾನು ಹಲ್ಲು ಕಚ್ಚಿಕೊಂಡು ಫ್ಯಾಟು ಬರೆದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮನೆಯಲ್ಲಿ ಅವ್ವ ಏನು ಕೇಳಿದರೂ ಎಗರಿಬೀಳುತ್ತಿದ್ದೆ.

ಹಾಲನ್ನು ಎರಡು ಸಲ ಪರೀಕ್ಷೆ ಮಾಡಿದ ದಿನವೇ ಸಂಜೆ ಕ್ಯಾನು ಹೊತ್ತು ಬಂದದ್ದು ಅವನಲ್ಲ, ಅವನ ತಾಯಿ ಅಣ್ಣಮ್ಮತ್ತೆ. ಮಗ ಎಲ್ಲಿ ಎಂದು ಕೇಳಿದ್ದೇ ತಡ, ಸೆರಗು ಬಾಯಿಗೆ ಒತ್ತಿಕೊಂಡಿತು ಆ ಜೀವ.

"ಮಲಗವ್ನೆ ಕನವ್ವ. ಮಧ್ಯಾನ ಕಬ್ಬಿನ ಗದ್ದೇಲಿ ಕಣ್ಣು ಕತ್ಲೆ ಬಂದು ಕೂತ್ಬುಟ್ನಂತೆ. ಮುದ್ದೆ ಮುಟ್ಟಾಕಿಲ್ಲ, ಅನ್ನ ಮುಟ್ಟಾಕಿಲ್ಲ. ಒತ್ತಾರೆ ಒಂದ್ ಲೋಟ ನಿಂಬೆಹಣ್ಣಿನ ನೀರು, ಮಧ್ಯಾನ ಎರಡು ಸೌತೆಕಾಯಿ. ಹಾಲು ಮೊಸರು ಅಂದ್ರೆ ಮಕ ತಿರುಗಿಸ್ತಾನೆ. ಅವನ್ಗೆ ಅಂತ ಮಡಗ್ತಿದ್ದ ಹಾಲ್ನೆಲ್ಲ ಇಲ್ಲಿಗೇ ತಂದು ಸುರೀತಾವ್ನೆ."

ನನ್ನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಒಂದು ಲೀಟರ್ ಎಲ್ಲಿಂದ ಬಂತು ಎಂದು ಮೂರು ವಾರ ಒದ್ದಾಡಿದ್ದೆನಲ್ಲ, ಅದು ಅವನ ಹೊಟ್ಟೆಗೆ ಹೋಗಬೇಕಾಗಿದ್ದ ಹಾಲು.

ಕೊಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತೊಂಬತ್ತೆಂಟರಿಂದ ಶುರುಮಾಡಿ ಅಂಕಿ ಬರೆದುಕೊಂಡು ಬಂದಿದ್ದಾನಂತೆ. ನಿನ್ನೆಯದು ಎಂಬತ್ತೊಂಬತ್ತು. ಎಲ್ಲಕ್ಕಿಂತ ಕೆಳಗೆ ಎಂಬತ್ತು ಎಂದು ಬರೆದು ಸುತ್ತ ಗೆರೆ ಎಳೆದಿದ್ದಾನಂತೆ. ಯಾಕಪ್ಪಾ ಎಂದರೆ ಬಾಯಿ ಬಿಡುವುದಿಲ್ಲವಂತೆ. ಅಣ್ಣಮ್ಮತ್ತೆಯನ್ನು ಕಳಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅತ್ತುಬಿಟ್ಟೆ, ಚೆನ್ನಾಗಿಯೇ ಅತ್ತುಬಿಟ್ಟೆ.

ಆಮೇಲೆ ಮೇಘನಳಿಗೆ ಫೋನು ಮಾಡಿದೆ. ನನ್ನ ಕಾಲೇಜು ಗೆಳತಿ, ಈಗ ಕೆ.ಆರ್. ಪೇಟೆಯಲ್ಲಿ ಒಂದು ಜಿಮ್ಮಿನಲ್ಲಿ ಟ್ರೈನರು. ಐದು ವಾರಕ್ಕೆ ಒಂಬತ್ತು ಕೆಜಿ ಎಂದದ್ದೇ ಅವಳು ಬೈಯಲು ಶುರುಮಾಡಿದಳು. ಹೀಗೆ ಉಪವಾಸ ಕೆಡವಿದರೆ ಮೈ ಮೊದಲು ನೀರು ಬಿಡುತ್ತದೆ, ಆಮೇಲೆ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸುತ್ತದೆ, ತೂಕದ ಮಿಷನ್ನಿಗೆ ಯಾವುದು ಹೋಯಿತೆಂದು ಗೊತ್ತಾಗುವುದಿಲ್ಲ ಎಂದಳು. ಅವರ ಜಿಮ್ಮಿನಲ್ಲಿ ಬರಿಗಾಲಲ್ಲಿ ನಿಂತರೆ ಕೊಬ್ಬೆಷ್ಟು ಖಂಡವೆಷ್ಟು ಎಂದು ಅಂದಾಜು ತೋರಿಸುವ ಮಿಷನ್ನಿದೆಯಂತೆ, ಕರೆದುಕೊಂಡು ಬಾ ಎಂದಳು. ಹೊತ್ತಿಗೊಂದು ಸಣ್ಣ ಮುದ್ದೆ, ಸೊಪ್ಪುಸಾರು, ಮೊಳಕೆಕಾಳು, ಮೊಟ್ಟೆ, ಹಾಲು ಮೊಸರು ಬಿಡಬಾರದು. ನಡಿಗೆ ಇರಲಿ, ಜೊತೆಗೆ ವಾರಕ್ಕೆ ಎರಡು ಮೂರು ದಿನ ಭಾರ ಎತ್ತಬೇಕು. ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು, ಅದು ಉಳಿಯುವ ಇಳಿತ. ಕಣ್ಣು ಕತ್ತಲೆ ಬಂದರೆ ಮೊದಲು ಡಾಕ್ಟರಿಗೆ ತೋರಿಸಿ ಎಂದೂ ಹೇಳಿದಳು.

ಫೋನಿಟ್ಟ ಮೇಲೆ ನಗು ಬಂತು, ಕೆಟ್ಟ ನಗು. ಇದನ್ನೇ ಅಲ್ಲವೇ ನಾನು ದಿನಾ ಎರಡು ಹೊತ್ತು ಮಾಡುವುದು? ಲೀಟರ್ ಎಷ್ಟಾದರೂ ಇರಲಿ, ಒಳಗೆ ಜಿಡ್ಡೆಷ್ಟು ಗಟ್ಟಿಯೆಷ್ಟು ಎಂದು ನೋಡುವವಳು, ಒಬ್ಬ ಮನುಷ್ಯನನ್ನು ಮಾತ್ರ ಬರೀ ತೂಕಕ್ಕೆ ಇಟ್ಟು ಕೂಗಿಬಿಟ್ಟಿದ್ದೆ.

ಮಾರನೆಯ ಬೆಳಗ್ಗೆ ಬಂದ. ಒಂದೇ ಕೈಯಲ್ಲಿ ಬೀಸಿಕೊಂಡು ಬರುತ್ತಿದ್ದ ಕ್ಯಾನನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದ. ಕಟ್ಟೆಯ ಮೇಲೆ ಇಡುವಾಗ ಮೊಣಕೈ ನಡುಗಿತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಮೂರು ತಿಂಗಳ ಹಿಂದೆ ಎರಡು ಬೂಸಾ ಮೂಟೆ ಒಟ್ಟಿಗೆ ಹೊತ್ಕೊಂಡು ಹೋಗಿದ್ದೆ ನೀನು. ಈಗ ಹನ್ನೊಂದು ಲೀಟರ್ ಎತ್ತಕ್ಕೆ ಆಗ್ತಿಲ್ಲ. ಇಳಿಸಬೇಕಾಗಿದ್ದು ಫ್ಯಾಟು ಕಣೋ. ನೀನು ಗಟ್ಟೀನೂ ಚೆಲ್ತಾ ಇದ್ದೀಯ."

"ಕಮ್ಮಿಯಾಯ್ತಲ್ಲ, ಅಷ್ಟು ಸಾಕು ಬುಡು."

"ಯಾರಿಗೆ ಸಾಕು? ನಾಗಮಂಗಲದೋರಿಗಾ?"

ಅವನು ಆಗ ನೋಡಿದ. ಐದು ವಾರದ ನಂತರ. "ಅವರ್ಗೆ ಅವತ್ತೇ ಬ್ಯಾಡ ಅಂದ್ಬುಟ್ಟಿದ್ದೆ. ಮಾರ್ನೆ ದಿನ ಒತ್ತಾರೆ ನಿಂಗೇಳಾನ ಅಂತ್ಲೆ ಬಂದಿದ್ದು. ಜನ ಕರಗ್ಲಿ ಅಂತ ಕಾಯ್ತಾ ಆ ಮಿಷನ್ ಮ್ಯಾಲೆ ನಿಂತ್ಕಂಡೆ." ಉಸಿರು ಎಳೆದುಕೊಂಡ. "ನೀನು ಕೂಗ್ದೆ. ಸರಿ, ಎಂಬತ್ತಾದ್ಮೇಲೆ ಕೇಳಾನ ಅನ್ಕಂಡೆ."

ಹಿಂದೆ ಇಡೀ ಸಾಲು ಕಿವಿಗೊಟ್ಟು ನಿಂತಿತ್ತು. ಪುಟ್ಟಸ್ವಾಮಣ್ಣನೂ ಇದ್ದ. ಅವನೊಬ್ಬನೇ ಸಿಕ್ಕಾಗ ತಪ್ಪಾಯಿತು ಎಂದರೆ ಅದು ತಪ್ಪೊಪ್ಪಿಗೆಯಲ್ಲ. ಇದೇ ಜನರ ಮುಂದೆ ಕೂಗಿದ್ದೆ, ಇದೇ ಜನರ ಮುಂದೆ ತೀರಿಸಬೇಕು.

ಕೌಂಟರು ದಾಟಿ ಬಂದೆ. ಚಪ್ಪಲಿ ಬಿಟ್ಟು ಬೂಸಾ ತೂಗುವ ಮಿಷನ್ನಿನ ಮೇಲೆ ಹತ್ತಿ ನಿಂತೆ. ಅಂಕಿ ಕುಣಿದು ಕುಣಿದು ನಿಂತಿತು. ಮದುವೆ ವಯಸ್ಸಿನ ಹುಡುಗಿಯರು ಯಾರಿಗೂ ಹೇಳದೆ ಮುಚ್ಚಿಟ್ಟುಕೊಳ್ಳುವ ಅಂಕಿ ಅದು.

"ಅನು," ಎಂದು ಕೂಗಿದೆ, "ಎಪ್ಪತ್ತೊಂದು ಪಾಯಿಂಟ್ ಎರಡು."

ಯಾರೂ ನಗಲಿಲ್ಲ. ನಿಂಗರಾಜು ಮಾತ್ರ "ಇಳಿ, ಇಳಿಯಮ್ಮಿ" ಎಂದು ಗಾಬರಿಯಿಂದ ಕೈ ಚಾಚಿದ. ಊರೆಲ್ಲ ನೋಡುತ್ತಿದೆ ಎಂದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡ.

ನಾನು ಇಳಿದು ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದೆ. "ಇವತ್ತು ಸಂಜೆಯಿಂದ ಒಂದು ಲೀಟರ್ ಮನೇಲಿ ಬಿಟ್ಟು ಬಾ. ಅದು ನಿನ್ನ ಹಾಲು. ಓಡು, ಬೆಟ್ಟ ಹತ್ತು, ಬೇಡ ಅನ್ನಲ್ಲ. ಆದರೆ ಉಂಡು ಓಡು. ನಾಳೆ ಇಬ್ಬರೂ ಕೆ.ಆರ್. ಪೇಟೆಗೆ ಹೋಗಿ ಡಾಕ್ಟರನ್ನೂ ಮೇಘನಳನ್ನೂ ನೋಡ್ಕೊಂಡು ಬರೋಣ. ಮತ್ತೆ ಇನ್ನೊಂದು. ನೀನು ಎಂಬತ್ತಾಗೋವರೆಗೂ ಕಾಯೋಕೆ ನನ್ನ ಕೈಲಾಗಲ್ಲ."

ಅವನ ಕಣ್ಣು ಮಿನುಗುತ್ತಿತ್ತು. ಹಾಲು ಸುರಿದು, ಖಾಲಿ ಕ್ಯಾನು ಎತ್ತಿಕೊಂಡು, ಹೊಸ್ತಿಲು ಎಡವಿ, ಹೋದ.

ಆ ಹಗಲು ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಮೂರು ಸಲ ಡೈರಿ ತೊಳೆದೆ. ಐದಕ್ಕೇ ಬಾಗಿಲು ತೆಗೆದೆ. ಬರುವವರ ಹಾಲಿಗೆಲ್ಲ ತಪ್ಪು ಅಂಕಿ ಬರೆದು ಹೊಡೆದುಹಾಕಿ ಮತ್ತೆ ಬರೆದೆ. ಒಂಬತ್ತು ಲೀಟರೇ ತಂದರೆ? ಒಲ್ಲೆ ಅನ್ನಲು ಅದಕ್ಕಿಂತ ಬೇರೆ ಉತ್ತರ ಬೇಕೇ? ಆರಾಯಿತು, ಆರೂ ಕಾಲಾಯಿತು. ಎಲ್ಲರೂ ಹಾಕಿ ಹೋದ ಮೇಲೆ, ಬೀಡಿ ಸೇದುತ್ತಾ ಪುಟ್ಟಸ್ವಾಮಣ್ಣನೊಬ್ಬ ಕಟ್ಟೆಯ ಮೇಲೆ ಉಳಿದಿದ್ದಾಗ, ಅವನು ಬಂದ.

ಸುರಿದ. ನಾನು ಅಂಕಿ ನೋಡಿದೆ. ನಂಬಿಕೆಯಾಗದೆ ಮತ್ತೆ ನೋಡಿದೆ. ನಾನು ಹೇಳಿದ ಹಾಗೆ ಕೇಳಿದ್ದರೆ ಎಂಟು ಇರಬೇಕಿತ್ತು. ಇದ್ದದ್ದು ಏಳು.

"ಒಂದು ಲೀಟರ್ ಅಂದಿದ್ದೆ. ಎರಡು ಕಮ್ಮಿ ಬಂದಿದೆ."

"ಒಂದು ನಂಗೆ." ಅವನು ಮಿಷನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಈ ಸಲ ತಿರುಗಲಿಲ್ಲ. ನಗು ಪೂರ್ತಿ ಬಂತು. "ಇನ್ನೊಂದ ಅವ್ವ ಹೆಪ್ಪಾಕ್ ಮಡಗವ್ಳೆ. ಬರೋಳ್ಗೂ ಮೊಸರು ಬೇಕಾಯ್ತದೆ, ಈಗಿಂದ್ಲೇ ಎತ್ತಿಡ್ತೀನಿ ಅಂತಾಳೆ."

ಕಟ್ಟೆಯಿಂದ ಪುಟ್ಟಸ್ವಾಮಣ್ಣ ಕತ್ತು ಉದ್ದ ಮಾಡಿ, ಎಷ್ಟು ಬಂತಮ್ಮಿ ನಿಂಗರಾಜಂದು ಎಂದು ಕೇಳಿದ. ನಾನು ಪುಸ್ತಕ ಎಳೆದುಕೊಂಡು ಏಳು ಎಂದು ಬರೆದೆ. ಆ ಅಂಕಿಯನ್ನು ಮಾತ್ರ ಯಾರಿಗೂ ಕೇಳುವ ಹಾಗೆ ಓದಲಿಲ್ಲ.