ಬರೋರೆಲ್ಲ ಬಂದಾಯ್ತು

ಶನಿವಾರ ಸಂಜೆ 5.45ಕ್ಕೆ ಬಂದರಿನ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ ಗುಂಪಿನಲ್ಲಿ ಎಂಟು ಜನರಿದ್ದರು. ಎಲ್ಲರ ಕೂದಲೂ ಉಪ್ಪುನೀರಿಗೆ ಅಂಟಿಕೊಂಡಿತ್ತು, ಒಬ್ಬನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಎಂಟು ಬಾಯಿ ಒಟ್ಟಿಗೆ ತೆರೆದರೆ ಅದು ದೂರಲ್ಲ, ಸಂತೆ. ಇನ್‌ಸ್ಪೆಕ್ಟರ್ ಮೇಜು ತಟ್ಟಿದರು.

"ಒಬ್ಬರು ಮಾತಾಡಿ. ಏನು ಕಳೆದಿದೆ?"

"ನನ್ನ ಹೆಂಡ್ತಿ," ಎಂದ ಚಪ್ಪಲಿ ಇಲ್ಲದವನು.

ಇವರು ದೂರದ ಊರಿನವರು. ತಾಯಿ, ಮಗ, ಸೊಸೆ, ಇಬ್ಬರು ಹೆಣ್ಣುಮಕ್ಕಳು, ಅವರ ಗಂಡಂದಿರು, ದೊಡ್ಡಪ್ಪ, ದೊಡ್ಡಮ್ಮ ಸೇರಿ ಒಂಬತ್ತು ಜನ. ಎರಡು ದಿನದ ಪ್ರವಾಸಕ್ಕೆ ಬಂದು ಒಂದು ಕ್ಯಾಟಮರಾನನ್ನು ಪೂರ್ತಿ ತಮಗಷ್ಟೇ ಬುಕ್ ಮಾಡಿದ್ದರು. ಎರಡು ಒಡಲಿನ ಆ ಹಾಯಿದೋಣಿ ಬೆಳಿಗ್ಗೆ ಹತ್ತಕ್ಕೆ ಹೊರಟು, ಹವಳದ ದಿಬ್ಬದ ಬಳಿ ಲಂಗರು ಹಾಕಿತ್ತು. ಎಲ್ಲರೂ ಕಣ್ಣಿಗೆ ಮಾಸ್ಕು ಕಟ್ಟಿ, ಕಾಲಿಗೆ ಮೀನಿನ ರೆಕ್ಕೆಯಂಥ ರಬ್ಬರಿನ ಫಿನ್ಸ್ ತೊಟ್ಟು, ಮೀನು ನೋಡಲು ನೀರಿಗಿಳಿದಿದ್ದರು. ಮೂರು ಗಂಟೆಗೆ ವಾಪಸು ಹೊರಟು ಅರ್ಧ ದಾರಿಗೆ ಬಂದ ಮೇಲೆ ಸೊಸೆ ಇಲ್ಲ ಎಂದು ಗೊತ್ತಾಯಿತು. ದೋಣಿ ತಿರುಗಿಸಿಕೊಂಡು ಹೋದರೆ ಸಿಕ್ಕಿದ್ದು ಅವಳ ಲೈಫ್ ಜಾಕೆಟ್ ಮಾತ್ರ. ಕರಾವಳಿ ಕಾವಲಿನವರು ಆಗಲೇ ಹುಡುಕಾಟ ಶುರು ಮಾಡಿದ್ದರು.

"ಅವರಿಗೆ ಈಜು ಬರ್ತಿತ್ತಾ?"

"ಇಲ್ಲ."

"ಖಂಡಿತ?"

"ಐದು ವರ್ಷ ಸಂಸಾರ ಮಾಡಿದ್ದೀನಿ ಸಾರ್, ನನಗೆ ಗೊತ್ತಿಲ್ವಾ? ಸುತ್ತ ನೀರು. ಎಲ್ಲಿಗೆ ಹೋಗೋಕಾಗುತ್ತೆ ಅವಳು?"

ಇನ್‌ಸ್ಪೆಕ್ಟರ ಪೆನ್ನು ಒಂದು ಕ್ಷಣ ನಿಂತಿತು. ಬಂದರು ಠಾಣೆಯಲ್ಲಿ ಹನ್ನೊಂದು ವರ್ಷ ಕೂತವರು ಅವರು. ನೀರಲ್ಲಿ ಮನೆಯವರನ್ನು ಕಳೆದುಕೊಂಡವರು 'ಹೇಗಾಯ್ತು' ಎಂದು ಗೋಳಾಡುವುದನ್ನು ಕೇಳಿದ್ದರು, 'ಎಲ್ಲಿಗೆ ಹೋದಳು' ಎಂದು ಸಿಟ್ಟಾಗುವುದನ್ನು ಕೇಳಿರಲಿಲ್ಲ. ಆದರೆ ದುಃಖಕ್ಕೆ ಇಂಥದ್ದೇ ಮುಖ ಎಂದು ಯಾರೂ ಕಾನೂನು ಮಾಡಿಲ್ಲವಲ್ಲ. ಬರೆದುಕೊಂಡರು.

ತಾಯಿ ಮೂಲೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಅರವತ್ತು ದಾಟಿದ ಸಣ್ಣ ಮೈಕಟ್ಟು. ಅಳುತ್ತಿರಲಿಲ್ಲ. ಹೇಳಿಕೆ ಕೇಳಿದಾಗ, "ಸೊಸೆ ನೀರಲ್ಲಿ ಹೋದಳು," ಎಂದಷ್ಟೇ ಹೇಳಿ ರುಜು ಹಾಕಿದರು.

ಹಿರಿ ಮಗಳು ಬಾಗಿಲ ಬಳಿ ನಿಂತು ಕಾನ್‌ಸ್ಟೇಬಲ್ ಕಿವಿಗೆ ಪಿಸುಗುಟ್ಟಿದಳು: "ಅಮ್ಮನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಮನೇಲಿ ಇಬ್ಬರೂ ಮುಖ ಕೊಟ್ಟು ಮಾತಾಡ್ತಿರ್ಲಿಲ್ಲ."

ಆ ಮಹಿಳಾ ಕಾನ್‌ಸ್ಟೇಬಲನ್ನು ಠಾಣೆಯಲ್ಲೆಲ್ಲ 'ಟೇಪಮ್ಮ' ಎಂದೇ ಕರೆಯುತ್ತಿದ್ದರು. ಪಂಚನಾಮೆಗೆ ಹೋದರೆ ಅಳೆಯದೆ ಒಂದು ಮೊಳೆಯನ್ನೂ ಬಿಡದ ಹೆಂಗಸು. ಕೇಳಿದ್ದನ್ನು ಹಾಗೇ ಇನ್‌ಸ್ಪೆಕ್ಟರಿಗೆ ತಲುಪಿಸಿದಳು.

ರಾತ್ರಿ ಎಂಟಕ್ಕೆ ಎಫ್‌ಐಆರ್ ಆಯಿತು. ನಿರ್ಲಕ್ಷ್ಯದಿಂದ ಪ್ರಾಣಹಾನಿ ಎಂಬ ಶಂಕೆ, ಆರೋಪಿ ದೋಣಿಯ ಕ್ಯಾಪ್ಟನ್. ಅವನು ಲಾಕಪ್ಪಿಗೆ ಹೋಗುವಾಗ, "ನಾನು ಲೆಕ್ಕ ತಪ್ಪಿಲ್ಲ ಸಾರ್, ಲೆಕ್ಕ ನನ್ನದಲ್ಲವೇ ಅಲ್ಲ," ಎಂದ. ತಪ್ಪಿಸಿಕೊಳ್ಳುವವರು ಆಡುವ ಮಾತೇ ಇದು ಎಂದು ಇನ್‌ಸ್ಪೆಕ್ಟರ್ ಬೀಗ ಹಾಕಿಸಿದರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಪಂಚನಾಮೆ. ಕಟ್ಟಿಹಾಕಿದ ದೋಣಿಯಲ್ಲೂ ಇನ್‌ಸ್ಪೆಕ್ಟರಿಗೆ ಹೊಟ್ಟೆ ತೊಳಸುತ್ತಿತ್ತು. ಸಮುದ್ರದ ಪಕ್ಕ ಹನ್ನೊಂದು ವರ್ಷ ಕೆಲಸ ಮಾಡಿದರೂ ಸಮುದ್ರ ಅವರನ್ನು ಒಪ್ಪಿರಲಿಲ್ಲ. ಅವರು ಕಂಬಿ ಹಿಡಿದು ನಿಂತರು, ಟೇಪಮ್ಮ ಏಣಿಯಿಂದ ನೀರಿಗೆ, ಏಣಿಯಿಂದ ಕೋಣೆಗೆ ಎಲ್ಲ ಅಳೆದಳು. ಆಮೇಲೆ ಸಾಮಾನು ಹಂಚುವ ಕೆಲಸಗಾರನನ್ನು ಕರೆದರು.

"ಜನರನ್ನ ಎಣಿಸೋದು ಯಾರು?"

"ಬಿಡಿ ಟಿಕೆಟಿನವರು ಬಂದ್ರೆ ನಾವೇ ಸಾರ್, ನೀರಿಗಿಳಿಯೋವಾಗ ಒಂದ್ಸಲ, ಹತ್ತೋವಾಗ ಒಂದ್ಸಲ. ಪೂರ್ತಿ ದೋಣಿ ಬುಕ್ ಮಾಡಿದ್ರೆ ಎಲ್ಲ ಒಂದೇ ಮನೆಯವರಲ್ವಾ. ಲೆಕ್ಕ ಅವರದ್ದೇ. ನಾವು ಸಾಮಾನು ಮಾತ್ರ ಎಣಿಸ್ತೀವಿ."

"ಸಾಮಾನು ಸರಿಯಿತ್ತಾ?"

"ಫಿನ್ಸ್ ಒಂದು ಜೊತೆ ಕಮ್ಮಿ. ಮಾಸ್ಕ್ ಒಂಬತ್ತೂ ಬಂತು."

ಟೇಪಮ್ಮ ಅಳತೆ ಬಿಟ್ಟು ತಲೆಯೆತ್ತಿದಳು. "ಮುಳುಗಿದವಳ ಮಾಸ್ಕ್ ತಾನಾಗೇ ಏಣಿ ಹತ್ತಿ ಬಂತಾ?"

ಕೆಲಸಗಾರನ ಮುಖ ಬಿಳಿಚಿಕೊಂಡಿತು. ಸಾಮಾನಿನ ತೊಟ್ಟಿಗೆ ಮಾಸ್ಕ್ ಹಾಕಿದವರನ್ನೆಲ್ಲ ನೆನಪಿಸಿಕೊಂಡು ನಿಧಾನವಾಗಿ ಹೇಳಿದ. ಆ ಅಜ್ಜಮ್ಮನ, ಅಂದರೆ ಸೊಸೆಯ ಅತ್ತೆಯ ಕೈಯಲ್ಲಿ ಎರಡಿದ್ದವು. ಅದಕ್ಕೂ ಮುಂಚೆ ಅಜ್ಜಮ್ಮ ನೀರು ಕುಡಿದು, ಸತ್ತೇ ಹೋದೆನೆಂದು ಊರು ಹಾರಿಹೋಗುವಂತೆ ಕೂಗಿದ್ದರು. ಅವನು, ಕ್ಯಾಪ್ಟನ್, ಮಗ, ಅಳಿಯಂದಿರು ಎಲ್ಲ ಅವರತ್ತ ಧಾವಿಸಿದ್ದರು. ಮೇಲೆ ತಂದು ಮಲಗಿಸಿದ ಮೇಲೆ ಎದೆ ಹಿಡಿದಿದೆ ಎಂದು ಮಗನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರಂತೆ, ಬಿಡಲೇ ಇಲ್ಲವಂತೆ. ಸೊಸೆ ಒಳಗೆ ಬಟ್ಟೆ ಬದಲಾಯಿಸುತ್ತಿದ್ದಾಳೆ ಎಂದೇ ಉಳಿದವರ ನಂಬಿಕೆ.

"ಹೊರಡೋಣ ಅಂದಿದ್ದು ಯಾರು?"

"ಎಲ್ಲರೂ ಬಂದ್ರಾ ಅಂತ ಕ್ಯಾಪ್ಟನ್ ಕೇಳಿದ್ರು. ಆ ಅಜ್ಜಮ್ಮನೇ, 'ಬರೋರೆಲ್ಲ ಬಂದಾಯ್ತು, ಹೊರಡಿ' ಅಂದ್ರು."

ದಡಕ್ಕಿಳಿಯುವಷ್ಟರಲ್ಲಿ ಇನ್‌ಸ್ಪೆಕ್ಟರ ತಲೆಯಲ್ಲಿ ಕೊಲೆ ಕೇಸು ತಯಾರಾಗಿತ್ತು. ಈಜು ಬಾರದ ಸೊಸೆ, ಸೊಸೆಯನ್ನು ಕಂಡರಾಗದ ಅತ್ತೆ, ಬೇಕೆಂದೇ ಹಾಕಿದ ಒಂದು ಕೂಗು. ಬುಕಿಂಗ್ ಆಫೀಸಿಗೆ ಹೋದದ್ದು ಆ ಕೇಸಿಗೆ ಇನ್ನೆರಡು ಮೊಳೆ ಹೊಡೆಯಲಿಕ್ಕೆ.

ಒಂದು ಮೇಜು, ಒಂದು ಫ್ಯಾನು, ಗೋಡೆಗೆ ಮೀನುಗಳ ಚಿತ್ರಪಟ. ಬುಕಿಂಗ್ ಹುಡುಗಿಗೆ ಅಜ್ಜಮ್ಮನ ನೆನಪು ಚೆನ್ನಾಗಿತ್ತು. "ಒಂದು ತಿಂಗಳಿಂದ ಫೋನ್ ಮಾಡ್ತಿದ್ರು ಸಾರ್. ಊಟ ಏನು ಅಂತ ಕೇಳಲಿಲ್ಲ, ಕಮ್ಮಿ ಮಾಡಿ ಅಂತ ಚೌಕಾಸಿ ಮಾಡಲಿಲ್ಲ. ನೀರಿಗಿಳಿದವರನ್ನ ಹೇಗೆ ಎಣಿಸ್ತೀರಿ ಅಂತ ಕೇಳಿದ್ರು. ಬಿಡಿ ಟಿಕೆಟ್ ಬುಕ್ ಮಾಡಿದ್ದವರು ಅದನ್ನ ಕೇಳಿದ ಮೇಲೆ ಪೂರ್ತಿ ದೋಣಿಗೆ ಬದಲಾಯಿಸಿಕೊಂಡ್ರು."

"ಜಾಗ ಯಾರು ಆರಿಸಿದ್ದು?"

"ಅವರೇ. ನಾವು ದೊಡ್ಡ ದಿಬ್ಬಕ್ಕೆ ಕರ್ಕೊಂಡು ಹೋಗೋದು. ಅವರು ದ್ವೀಪದ ಪಕ್ಕದ್ದೇ ಬೇಕು ಅಂದ್ರು. ದ್ವೀಪಕ್ಕೆ ಎಷ್ಟು ದೂರ ಅಂತಲೂ ಕೇಳಿದ್ರು. ನೀವು ಈಜಿಕೊಂಡು ಹೋಗ್ತೀರಾ ಅಜ್ಜಿ ಅಂತ ನಾನೇ ತಮಾಷೆ ಮಾಡ್ದೆ."

"ಇನ್ನೇನು ಕೇಳಿದ್ರು?"

"ಎಲ್ಲರ ಕಾಲಿನ ಅಳತೆ ಕಳಿಸಿದ್ರು, ಫಿನ್ಸಿಗೆ. ಸೊಸೆಯ ಜೋಡಿ ಮಾತ್ರ ಸರಿಯಾಗಿ ನೋಡಿ ಇಡಮ್ಮ, ಜಾರಬಾರದು, ಕಚ್ಚಬಾರದು ಅಂತ ಮೂರು ಸಲ ಹೇಳಿದ್ರು. ಇಂಥ ಅತ್ತೆ ನಮಗೂ ಸಿಗಬಾರದಾ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ಹೊರಗೆ ಬಂದು ಜೀಪಿನ ಬಾಗಿಲ ಬಳಿ ನಿಂತರು. ತಾವು ಕಟ್ಟಿದ ಕೇಸು ಕಣ್ಣೆದುರೇ ಮಕಾಡೆ ಮಲಗಿತ್ತು. "ಮುಳುಗಿಸೋಳಿಗೆ ಅವಳ ಕಾಲು ಕಚ್ಚಿದ್ರೇನು, ಬಿಟ್ರೇನು?" ಎಂದು ತಮಗೇ ಹೇಳಿಕೊಂಡರು.

"ದ್ವೀಪಕ್ಕೆ ಫೆರಿ ಎಷ್ಟೊತ್ತಿಗೆ ಸಾರ್?" ಎಂದು ಕೇಳಿದಳು ಟೇಪಮ್ಮ.

ಮಧ್ಯಾಹ್ನದ ಫೆರಿಯಲ್ಲಿ ದ್ವೀಪಕ್ಕೆ ಹೋಗಿ, ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡು, ಇನ್‌ಸ್ಪೆಕ್ಟರ್ ಟಿಕೆಟ್ ಕಿಟಕಿಯ ಮುಂದೆ ನಿಂತರು. ಶನಿವಾರ ಮೂರೂವರೆಯ ಫೆರಿಗೆ ಒದ್ದೆ ಕೂದಲಿನ ಹೆಂಗಸೊಬ್ಬಳು ಟಿಕೆಟ್ ತೆಗೆದುಕೊಂಡದ್ದು ಅಲ್ಲಿಯವನಿಗೆ ನೆನಪಿತ್ತು. ಎದುರು ದಡದ ಊರಿನ ಫೆರಿ ಅದು. ಕಾಯುವ ಬೆಂಚಿನ ಕೆಳಗೆ ಟೇಪಮ್ಮ ಕೈಹಾಕಿ ಒಂದು ಜೊತೆ ಫಿನ್ಸ್ ಎಳೆದಳು. ದೋಣಿ ಕಂಪನಿಯ ಮುದ್ರೆ ಇತ್ತು. ಪಂಚ ಸಾಕ್ಷಿಗಳ ಎದುರು ಅಳೆದಳು, ಬುಕಿಂಗ್ ಹುಡುಗಿ ಕೊಟ್ಟ ಸೊಸೆಯ ಅಳತೆಗೆ ಸರಿಹೋಯಿತು.

ಹುಡುಕಾಟ ನಿಲ್ಲಿಸಲು ಇನ್‌ಸ್ಪೆಕ್ಟರ್ ಸಂದೇಶ ಕಳಿಸಿದರು. ಆದರೆ ಒದ್ದೆ ಕೂದಲು, ರಬ್ಬರ್ ಪಾದ ಇಟ್ಟುಕೊಂಡು ಕ್ಯಾಪ್ಟನ್‌ನನ್ನು ಬಿಡುವಂತಿರಲಿಲ್ಲ. ಹೆಂಗಸು ಬದುಕಿದ್ದಾಳೆ ಎಂಬುದಕ್ಕೆ ಹೆಂಗಸೇ ಬೇಕು.

ಸೋಮವಾರ ಬೆಳಿಗ್ಗೆ 10.20ಕ್ಕೆ ಅತ್ತೆಯನ್ನು ಕರೆಸಲಾಯಿತು. ಅವರು ಹೊಸ್ತಿಲ ಬಳಿ ನಿಂತು ಬೆಂಚಿನ ಮೇಲೆ ಊಟದ ಡಬ್ಬಿ ಹಿಡಿದು ಕೂತಿದ್ದ ಹೆಂಗಸನ್ನು ನೋಡಿದರು.

"ಈ ಹೆಣ್ಣುಮಗಳು ಯಾರು?"

"ಕ್ಯಾಪ್ಟನ್ ಹೆಂಡ್ತಿ," ಎಂದಳು ಟೇಪಮ್ಮ. "ಗಂಡ ಒಳಗಿದ್ದಾನಲ್ಲ."

"ಒಳಗೆ? ಅವನೇನು ಮಾಡಿದ?"

"ನಿಮ್ಮ ಸೊಸೇನ ಮುಳುಗಿಸಿದ."

ಅತ್ತೆಯ ಮುಖ ಮೊದಲ ಸಲ ಸಡಿಲವಾಯಿತು. ಅದು ಅವರ ಲೆಕ್ಕದಲ್ಲಿ ಇರಲಿಲ್ಲ. ಒಳಗೆ ಬಂದು ಕೂತವರು ಪ್ರಶ್ನೆಗೆ ಕಾಯಲಿಲ್ಲ.

"ಸಮುದ್ರದಲ್ಲಿ ಹೋದ್ರೆ ಸಮುದ್ರದ ತಪ್ಪು ಅಂತ ಬಿಡ್ತೀರಿ ಅಂದ್ಕೊಂಡಿದ್ದೆ. ಅವನನ್ನ ಬಿಡಿ."

"ಸೊಸೆ ಮಾಸ್ಕ್ ನಿಮ್ಮ ಕೈಗೆ ಹೇಗೆ ಬಂತು?"

"ಅವಳೇ ಕೊಟ್ಟಳು. ನೀರೊಳಗೆ."

"ಈಜು ಬರಲ್ಲ ಅಂದ್ರಲ್ಲ ನಿಮ್ಮ ಮಗ."

"ಕಾಲೇಜಲ್ಲಿ ಈಜಿನಲ್ಲಿ ಮೊದಲನೇ ಬಹುಮಾನ. ಮದುವೆಯಾಗಿ ಐದು ವರ್ಷ ಆಯ್ತು, ನಿನಗೇನು ಬರುತ್ತೆ ಅಂತ ಒಬ್ಬರಾದ್ರೂ ಕೇಳಿದ್ರಲ್ವಾ ಗೊತ್ತಾಗೋಕೆ?"

"ಮನೇಲಿ ಜಗಳ ಅಂತ ಹೇಳಿದ್ರು?"

"ನಾವು ಚೆನ್ನಾಗಿದ್ದೀವಿ ಅಂತ ಗೊತ್ತಾಗಿದ್ರೆ ಅವನು ಅವಳನ್ನ ಕೂಡಿಹಾಕಿದ ಕೋಣೆಯ ಬೀಗದ ಕೈ ನನಗೆ ಕೊಡ್ತಿರ್ಲಿಲ್ಲ."

"ಬಾಗಿಲು ತೆಗೆದು ಕಳಿಸಬಹುದಿತ್ತು. ಇಷ್ಟೆಲ್ಲ ನಾಟಕ ಯಾಕೆ?"

ಮುದುಕಿಯ ಕಣ್ಣು ಕೆಂಡವಾಯಿತು. "ಕಳಿಸಲಿಲ್ಲ ಅಂದ್ಕೊಂಡ್ರಾ? ಎರಡು ಸಲ ಕಳಿಸಿದೆ, ಬಸ್ಸಿಗೆ. ಎರಡು ಸಲವೂ ಅವನು ಠಾಣೆಗೆ ಹೋಗಿ ಹೆಂಡ್ತಿ ಕಾಣ್ತಿಲ್ಲ ಅಂತ ಕಣ್ಣೀರು ಹಾಕಿದ. ನಿಮ್ಮಂಥ ಖಾಕಿಯವರೇ ಜೀಪಲ್ಲಿ ಕೂರಿಸ್ಕೊಂಡು ಬಂದು, ಹೊಂದ್ಕೊಂಡು ಹೋಗಮ್ಮ ಅಂತ ಬುದ್ಧಿ ಹೇಳಿ, ಕಾಫಿ ಕುಡಿದು ಹೋದ್ರು. ಅವತ್ತು ರಾತ್ರಿ ಬೆಲ್ಟು ತಗೊಂಡ. ಓಡಿಹೋದವಳನ್ನ ಹುಡುಕಿ ತರ್ತೀರಿ. ಮುಳುಗಿದವಳನ್ನಾದ್ರೂ ಕೈ ಬಿಡ್ತೀರಲ್ಲ ಅಂತ ಮುಳುಗಿಸಿದೆ."

ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು. ಆ ಜೀಪು ತಮ್ಮದಲ್ಲದಿದ್ದರೂ ಬಣ್ಣ ಒಂದೇ.

"ಅವರು ಬದುಕಿರೋದು ದಾಖಲಾಗಬೇಕು. ಇಲ್ಲದಿದ್ರೆ ಕ್ಯಾಪ್ಟನ್ ಹೊರಗೆ ಬರಲ್ಲ. ಎಲ್ಲಿದ್ದಾರೆ?"

"ನಾಲಿಗೆ ಕಿತ್ತರೂ ಹೇಳಲ್ಲ. ಮೂರನೇ ಸಲ ಕರ್ಕೊಂಡು ಬರಲ್ಲ ಅಂತ ಮೊದಲು ಬರ್ಕೊಡಿ."

"ಆರೋಪಿಗೆ ಪೊಲೀಸ್ನೋರು ಬರ್ಕೊಡೋದಾ?" ಎಂದಳು ಟೇಪಮ್ಮ.

"ಹೂಂ. ನಾನು ನಿಮಗೆ ರುಜು ಹಾಕಿಲ್ವಾ?"

ಇನ್‌ಸ್ಪೆಕ್ಟರ್ ಒಂದು ಬಿಳಿ ಹಾಳೆ ಎಳೆದುಕೊಂಡರು. ವಯಸ್ಕ ಮಹಿಳೆ ತನ್ನಿಷ್ಟದಿಂದ ಹೋಗಿದ್ದರೆ ಆಕೆಯನ್ನು ಯಾರ ಬಳಿಗೂ ಮರಳಿ ಕರೆತರುವುದಿಲ್ಲ, ಆಕೆಯ ವಿಳಾಸವನ್ನು ಗಂಡನಿಗೆ ತಿಳಿಸುವುದಿಲ್ಲ ಎಂದು ಬರೆದು, ರುಜು ಹಾಕಿ, ಮೊಹರು ಒತ್ತಿದರು. ಕಾನೂನಿನಲ್ಲಿ ಇದ್ದುದನ್ನೇ ಬರೆದಿದ್ದರು. ಆದರೂ ಮುದುಕಿ ಎರಡು ಸಲ ಓದಿ, ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು, ಆಮೇಲೆ ನಂಬರು ಹೇಳಿದರು.

11.05ಕ್ಕೆ ಟೇಪಮ್ಮ ವಿಡಿಯೊ ಕರೆ ಮಾಡಿದಳು. ಪರದೆಯ ಮೇಲೆ ಮೂಗು ಬಿಸಿಲಿಗೆ ಸುಲಿದ ಹೆಣ್ಣುಮುಖ. ಸೊಸೆಯ ಮೊದಲ ಮಾತು, "ಅತ್ತೆ ಅಲ್ಲಿದ್ದಾರಾ? ಅವರನ್ನ ಹೊಡೆದ್ರಾ?"

"ಇಲ್ಲಮ್ಮ. ನೀವು ಹೇಳಿ."

"ನಾನು ಬದುಕಿದ್ದೀನಿ. ನನ್ನ ಕಾಲಲ್ಲೇ, ನನ್ನ ಕೈಯಲ್ಲೇ ಈಜಿಕೊಂಡು ಬಂದೆ. ವಾಪಸ್ ಬರಲ್ಲ. ಬೆನ್ನಿನ ಮೇಲಿನ ಬರೆ ತೋರಿಸಬೇಕಾ? ತೋರಿಸ್ತೀನಿ. ದೂರೂ ಕೊಡ್ತೀನಿ."

ಆಕೆ ಇರುವ ಊರಿನ ಠಾಣೆಗೆ ಮಾತಾಡಿ, ಮಹಿಳಾ ಅಧಿಕಾರಿಯಿಂದ ಹೇಳಿಕೆ ಮತ್ತು ಗಂಡನ ಮೇಲಿನ ದೂರು ಪಡೆಯುವ ಏರ್ಪಾಡಾಯಿತು. ಮಧ್ಯಾಹ್ನ ಹನ್ನೆರಡೂವರೆಗೆ ಕ್ಯಾಪ್ಟನ್ ಹೊರಗೆ ಬಂದ. ಮುದುಕಿ ಎದ್ದು ನಿಂತು ಅವನಿಗೂ ಅವನ ಹೆಂಡತಿಗೂ ಕೈ ಮುಗಿದರು. ಕ್ಯಾಪ್ಟನ್ ಮೆಟ್ಟಿಲಿಳಿದು ಹೋದ, ಅವನ ಹೆಂಡತಿ ಮಾತ್ರ ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು.

ಅಷ್ಟರಲ್ಲಿ ಮಗ ನುಗ್ಗಿ ಬಂದ. ಸುದ್ದಿ ಹೇಗೋ ತಲುಪಿತ್ತು.

"ಎಲ್ಲಿದ್ದಾಳೆ? ಹೇಳು! ನೀನು ನನ್ನ ತಾಯಿನಾ? ಅವಳಿಗೆ ನಾನೇನು ಕಮ್ಮಿ ಮಾಡಿದ್ದೆ?"

"ಬಾಗಿಲೊಂದು ಕಮ್ಮಿಯಾಗಿತ್ತು ಕಣೋ."

ಅವನು ಕೈ ಎತ್ತಿದ. ಟೇಪಮ್ಮ ಆ ಕೈಯನ್ನು ಅಲ್ಲೇ ಹಿಡಿದು, ಅವನನ್ನು ಗೋಡೆಯ ಬಳಿಯ ಬೆಂಚಿನ ಮೇಲೆ ಕೂರಿಸಿದಳು. "ಕೂತಿರಿ. ನಿಮ್ಮ ಮೇಲೂ ಒಂದು ಎಫ್‌ಐಆರ್ ಬರ್ತಾ ಇದೆ," ಎಂದಳು.

1.10ಕ್ಕೆ ಇನ್‌ಸ್ಪೆಕ್ಟರ್ ಬಂಧನ ಪತ್ರ ಬರೆಯಲು ಕೂತರು. ಗೊತ್ತಿದ್ದೂ ಮುಚ್ಚಿಟ್ಟು ಪೊಲೀಸರನ್ನು ದಾರಿ ತಪ್ಪಿಸಿದ್ದು, ನಿರಪರಾಧಿಯ ಬಂಧನಕ್ಕೆ ಕಾರಣವಾದದ್ದು. ತಪ್ಪು ತಪ್ಪೇ, ಬರೆಯದೆ ವಿಧಿಯಿಲ್ಲ.

"ಎಲ್ಲರೂ ಬಂದಿದ್ದಾರೆ ಅಂತ ಸುಳ್ಳು ಹೇಳಿದ್ರಿ."

"ಸುಳ್ಳು ಹೇಳಲಿಲ್ಲ. ಬರೋರೆಲ್ಲ ಬಂದಿದ್ರು. ಅವಳು ಬರೋಳಲ್ಲ."

"ಜಾಮೀನು ಸಿಗೋ ಕೇಸು. ಸಂಜೆಗೆ ಹೋಗಬಹುದು."

"ಅವಸರವಿಲ್ಲ. ಇಲ್ಲಿ ಬೀಗದ ಕೈ ನನ್ನ ಸೊಂಟದಲ್ಲಿ ಇರಲ್ವಲ್ಲ. ಐದು ವರ್ಷ ಆ ಹುಡುಗಿ ಒಳಗೆ, ನಾನು ಹೊರಗೆ ಕಾವಲು. ಅವಳು ಬಾಗಿಲು ತಟ್ಟುತ್ತಿರ್ಲಿಲ್ಲ, ಗೊತ್ತಾ? ತಟ್ಟಿದ್ರೆ ಬೈದು ಸುಮ್ಮನಾಗ್ತಿದ್ದೆನೇನೋ. ತಟ್ಟದೆ ಕೂತಿರೋಳು, ಅದನ್ನ ನನ್ನ ಕೈಲಿ ತಡೆಯೋಕಾಗಲಿಲ್ಲ."

ಇನ್‌ಸ್ಪೆಕ್ಟರ್ ಅದನ್ನು ಬರೆದುಕೊಳ್ಳಲಿಲ್ಲ. ಆ ಮಾತಿಗೆ ಪತ್ರದಲ್ಲಿ ಅಂಕಣವಿರಲಿಲ್ಲ. ಮುಂದಿನ ಅಂಕಣಕ್ಕೆ ಹೋದರು. ಬಂಧನದ ವಿಷಯ ತಿಳಿಸಬೇಕಾದ ಹತ್ತಿರದ ಸಂಬಂಧಿಕರು. ಬೆಂಚಿನ ಮೇಲಿದ್ದ ಮಗ ತಲೆಯೆತ್ತಿದ.

"ಯಾರಿಗೆ ತಿಳಿಸಬೇಕಮ್ಮ?"

"ಅವಳಿಗೆ."

"ಸಂಬಂಧ ಏನಂತ ಬರೀಲಿ?"

"ಸೊಸೆ ಅಂತಲೇ ಬರೀರಿ," ಎಂದು ಮುದುಕಿ ಮಗನನ್ನೇ ನೋಡುತ್ತ ಹೇಳಿದರು. "ಇವನಿಗೆ ಹೆಂಡ್ತಿ ಅಲ್ಲದೆ ಹೋದ್ರೂ ನನಗೆ ಸೊಸೇನೇ."