ಎರಡು ಕಪ್ ಹಾಟ್ ಚಾಕಲೇಟ್

ಮಳೆಗಾಲ ಮುಗಿಯುತ್ತ ಬಂದಿತ್ತು. ಬಾಲ್ಕನಿಯ ಹೀರೆ ಬಳ್ಳಿಯಲ್ಲಿ ಕೊನೆಯ ಕಾಯಿಗಳು ತೂಗುತ್ತಿದ್ದವು. ಸಾವಂತ್ರವ್ವಜ್ಜಿ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಯಿ ತೋರಿಸುತ್ತಿದ್ದಳು. ಅನುಜಾ ಸ್ಟೂಲಿನ ಮೇಲೆ ನಿಂತು ಕೊಯ್ಯುತ್ತಿದ್ದಳು.

ಎಲೆಗಳ ನಡುವೆ ಕೆಂಪಗೆ ಏನೋ ಕಂಡಿತು. ನೋಡಿದರೆ ಅವಳದೇ ಸ್ಕಿಪ್ಪಿಂಗ್ ಹಗ್ಗ! ಗ್ರಿಲ್ಲಿಗೆ ನೇತುಹಾಕಿದ್ದ ಅದನ್ನು ಬಳ್ಳಿ ಸ್ಪ್ರಿಂಗಿನ ಹಾಗೆ ಸುತ್ತಿ ಸುತ್ತಿ ಹಿಡಿದಿತ್ತು. ಅನುಜಾ ಎಳೆದಳು. ಬರಲಿಲ್ಲ.

"ಸಾಲಿ ಶುರು ಆದಾಗಿಂದ ನೀ ಅದನ್ನ ಮುಟ್ಟೇ ಇಲ್ಲ," ಅಂದಳು ಅಜ್ಜಿ. "ದಿನಾ ಆಡಿದ್ರ ಬಳ್ಳಿ ಹೆಂಗ್ ಹಿಡೀತಿತ್ತು? ನಿಂತದ್ದನ್ನ ಅಷ್ಟ ಹಿಡೀತದ ಅದು."

ಬೇರೆ ದಿನವಾಗಿದ್ದರೆ ಅನುಜಾ ಏನಾದರೂ ಉತ್ತರ ಕೊಡುತ್ತಿದ್ದಳು. ಇವತ್ತು ಹಗ್ಗ ಬಿಟ್ಟು ಸ್ಟೂಲಿನಿಂದ ಇಳಿದಳು. ಒಳಗೆ ಪಪ್ಪಾ ಅಂಗಿಗೆ ಇಸ್ತ್ರಿ ಮಾಡುತ್ತಿದ್ದ ಸಪ್ಪಳ ಕೇಳುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಕಾರಿನ ಶೋರೂಮಿಗೆ ಹೋಗಬೇಕು. ಅದು ಎರಡನೆಯ ಸಲ. ಮೊದಲನೆಯ ಸಲ ಎಲ್ಲ ಕೆಡಿಸಿದ್ದು ಅವಳೇ.

ಅವರ ಹಳೆಯ ಕಾರಿನ ಸೀಟು ಭಾಳ ತಗ್ಗು. ಕೂರುವಾಗ ಅಜ್ಜಿ ಎರಡೂ ಮೊಣಕಾಲು ಹಿಡಿದು "ಶಿವನೇ" ಅನ್ನುತ್ತಿದ್ದಳು, ಇಳಿಯುವಾಗ ಇನ್ನೊಂದು ಸಲ ಅನ್ನುತ್ತಿದ್ದಳು. ಆ ನೋವಿಗೆ ಹೆದರಿ ಎರಡು ವರ್ಷದಿಂದ ಅವಳು ಜೇಜುರಿಯ ಖಂಡೋಬನ ದರ್ಶನಕ್ಕೂ ಹೋಗಿರಲಿಲ್ಲ. ಅದಕ್ಕೇ ಪಪ್ಪಾ ಎತ್ತರದ ಸೀಟಿನ ಎಸ್‌ಯುವಿ ಹುಡುಕುತ್ತಿದ್ದ.

ಹೋದ ಭಾನುವಾರ ಶೋರೂಮಿನಲ್ಲಿ ಮಂದಾರ ಎಂಬ ಸೇಲ್ಸ್‌ಮನ್ ಅನುಜಾಳಿಗೆ ಹಾಟ್ ಚಾಕಲೇಟ್ ತರಿಸಿಕೊಟ್ಟ. ಕಪ್ ಖಾಲಿಯಾದ ಮೇಲೆ ಇನ್ನೊಂದು ತರಿಸಿದ. ಅನುಜಾ ಎರಡನ್ನೂ ಕುಡಿದಳು. ಆಮೇಲೆ ಅಜ್ಜಿ ಅಲ್ಲಿ ತೋರಿಸಲು ಇಟ್ಟಿದ್ದ ನೀಲಿ ಕಾರು ಹತ್ತಿ ಕೂತಳು. ಮೊಣಕಾಲು ಹಿಡಿಯಲಿಲ್ಲ, ಶಿವನನ್ನೂ ಕರೆಯಲಿಲ್ಲ. ಪಪ್ಪಾ ಮಾತ್ರ, ಇನ್ನೊಂದು ಕಂಪನಿಯ ಗಾಡಿಯನ್ನೂ ನೋಡುತ್ತಿದ್ದೇವೆ ಎಂದು ಮಂದಾರನಿಗೆ ಹೇಳುತ್ತಿದ್ದ. ಅಷ್ಟರಲ್ಲಿ ಅನುಜಾ ಸನ್‌ರೂಫಿನಿಂದ ತಲೆ ಹೊರಗೆ ಹಾಕಿ, ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಕೂಗಿದ್ದಳು: ಬೇರೆ ಯಾವ ಗಾಡಿಯೂ ಅಜ್ಜಿಗೆ ಆಗುವುದಿಲ್ಲ, ದಸರೆಗೆ ಇದೇ ಬೇಕು.

ಮಂದಾರ ಡಿಸ್ಕೌಂಟ್ ಬರೆಯಲು ತೆಗೆದಿದ್ದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದ.

ಪಪ್ಪಾ ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಮನೆಗೆ ಬಂದ ಮೇಲೆ ಅಜ್ಜಿ ತನ್ನ ಅಪ್ಪ ದನದ ಸಂತೆಯಲ್ಲಿ ಎತ್ತು ಕೊಳ್ಳುತ್ತಿದ್ದ ರೀತಿ ಹೇಳಿದಳು. ಮನಸ್ಸಿಗೆ ಬಂದ ಎತ್ತನ್ನು ಅವನು ಹೊಗಳುತ್ತಿರಲಿಲ್ಲ. ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಟವೆಲಿನ ಕೆಳಗೆ ಕೈಹಾಕಿ, ಬೆರಳು ಹಿಡಿದು ತಿಳಿಸುತ್ತಿದ್ದ. ವ್ಯಾಪಾರ ಮುಗಿಯುವ ತನಕ ಮಾರುವವನ ಕೈಯಿಂದ ನೀರು ಕೂಡ ಕುಡಿಯುತ್ತಿರಲಿಲ್ಲ.

"ಕುಡಿದ್ರ ಏನಾಗ್ತದ?" ಅನುಜಾ ಕೇಳಿದ್ದಳು.

"ಋಣ ಆಗ್ತದ. ಋಣ ಮೈಮ್ಯಾಲಿದ್ರ 'ಒಲ್ಲೆ' ಅನ್ನೂ ಮಾತು ಬಾಯಿಗೆ ಬರೂದಿಲ್ಲ. ವ್ಯಾಪಾರ ಮುಗದ ಮ್ಯಾಲ ತಗೊಂಡವರು ಮಾರಿದವರಿಗೆ ಚಾ ಕುಡಸ್ಬೇಕು. ಅದು ಪದ್ಧತಿ."

ಅನುಜಾಳ ಹೊಟ್ಟೆಯಲ್ಲಿ ಎರಡು ಕಪ್ ಹಾಟ್ ಚಾಕಲೇಟ್ ಆವತ್ತಿನಿಂದ ಕರಗದೆ ಕೂತಿತ್ತು.

* * *

ಪಪ್ಪಾನ ಹೆಸರು ಶಿವಪ್ರಕಾಶ. ಚಿಂಚವಾಡ ಸ್ಟೇಷನ್ನಿನ ಹತ್ತಿರ ಅವನದು ಬೇರಿಂಗ್ ಮಾರುವ ಅಂಗಡಿ. ಅಲ್ಲಿ ದಿನವಿಡೀ ಚೌಕಾಸಿ ಮಾಡುವ ಪಪ್ಪಾ, ಈ ಎಸಿ ಹಾಕಿದ ಗಾಜಿನ ಶೋರೂಮಿನಲ್ಲಿ ಕುರ್ಚಿಯ ತುದಿಗೆ ಕೂರುತ್ತಿದ್ದ. ಬರುವಾಗ ದಾರಿಯಲ್ಲಿ ಒಂದೇ ಮಾತು ಹೇಳಿದ್ದ. "ಇವತ್ತೇ ಕಡೀ ಸಲ. ನಮ್ಮ ರೇಟಿಗೆ ಬರಲಿಲ್ಲಂದ್ರ ಬಿಟ್ಟುಬಿಡೋದು, ಯವ್ವಾ."

ಅಜ್ಜಿ "ಹೂಂ" ಅಂದು ಕಿಟಕಿಯ ಹೊರಗೆ ನೋಡಿದ್ದಳು.

"ಕಾಯ್ ಅನುಜಾ, ಹಾಟ್ ಚಾಕಲೇಟ್?" ಮಂದಾರ ನಗುತ್ತ ಬಂದ.

ವಾಸನೆ ಮೂಗಿಗೆ ಬಂದಾಗಿತ್ತು. ಅನುಜಾ ತಲೆ ಅಲ್ಲಾಡಿಸಿ ಬೇಡ ಅಂದಳು. ಅಜ್ಜಿಯೂ ಕಾಫಿ ಒಲ್ಲೆ ಅಂದಳು.

ಮಾತು ಮರಾಠಿಯಲ್ಲಿ ನಡೆಯಿತು. ಈ ಮಾಡೆಲ್ಲಿಗೆ ಮೂರು ತಿಂಗಳ ವೇಟಿಂಗ್ ಇದೆ ಎಂದ ಮಂದಾರ. ಯಾರೋ ಬುಕಿಂಗ್ ಕ್ಯಾನ್ಸಲ್ ಮಾಡಿದ್ದರಿಂದ ಅಂಥದೇ ಒಂದು ನೀಲಿ ಗಾಡಿ ಹಿಂದುಗಡೆ ಇದೆ, ಫ್ಯಾಕ್ಟರಿಯಿಂದ ಹೋದ ವಾರವಷ್ಟೇ ಬಂದಿದೆ, ಹೊಚ್ಚ ಹೊಸದು ಎಂದ. ಡಿಸ್ಕೌಂಟ್ ಇಲ್ಲ. ಮೇಲಾಗಿ ಸೀಟ್ ಕವರ್, ಮ್ಯಾಟು, ಪಾಲಿಶ್ ಎಲ್ಲ ಸೇರಿದ ಪ್ಯಾಕೇಜನ್ನು ತಗೊಳ್ಳಲೇಬೇಕು.

ಪಪ್ಪಾ ತನ್ನ ರೇಟು ಹೇಳಿದ. ಮಂದಾರ ಗಾಜಿನ ಕ್ಯಾಬಿನ್ನಿನಲ್ಲಿದ್ದ ಮ್ಯಾನೇಜರನ್ನು ಕೇಳಿ ಬಂದು, ಆಗುವುದಿಲ್ಲ ಅಂದ. ಅಜ್ಜಿಗೆ ಬೇರೆ ಗಾಡಿ ಆಗುವುದಿಲ್ಲವಂತಲ್ಲ ಎಂದು ಅನುಜಾಳ ಕಡೆ ನೋಡಿ ನಕ್ಕ.

ಅನುಜಾ ಅಜ್ಜಿಯ ಸೆರಗಿನ ಮರೆಗೆ ಸರಿದಳು.

ಆಗ ಅಜ್ಜಿ ಕನ್ನಡದಲ್ಲಿ ಮಗನಿಗೆ ಹೇಳಿದಳು. "ಆ ಗಾಡಿ ಒಮ್ಮೆ ತೋರಸ್ಲಿ. ತೋರಿಸಿದ ಎತ್ತು ಒಂದು, ಕೊಟ್ಟು ಕಳಿಸೂ ಎತ್ತು ಒಂದು ಆಗಬಾರದು."

* * *

ಶೋರೂಮಿನ ಹಿಂದೆ ದೊಡ್ಡ ಯಾರ್ಡ್ ಇತ್ತು. ಸಾಲಾಗಿ ನಿಂತ ಕಾರುಗಳ ನಡುವೆ ಮಳೆನೀರು, ಮೊಣಕಾಲೆತ್ತರ ಹುಲ್ಲು. ನೀಲಿ ಗಾಡಿ ಗೋಡೆಯ ಪಕ್ಕ ನಿಂತಿತ್ತು. ಆಗಷ್ಟೇ ತೊಳೆದಿದ್ದರು, ಥಳಥಳ ಹೊಳೆಯುತ್ತಿತ್ತು. ಪಪ್ಪಾ ಬಾಗಿಲು ತೆರೆದು ನೋಡಿದ. ಅಜ್ಜಿ ಸುತ್ತಲೂ ನಿಧಾನ ನಡೆದಳು. ಅವಳಿಗೆ ಬಗ್ಗಲು ಆಗುತ್ತಿರಲಿಲ್ಲ.

ಅನುಜಾ ಹಿಂದಿನ ಗಾಲಿಯ ಹತ್ತಿರ ಶೂ ಲೇಸ್ ಕಟ್ಟಲು ಕೂತಳು. ಗಾಲಿಯ ಹೊರಮೈ ಹೊಳೆಯುತ್ತಿತ್ತು. ಒಳಗೆ, ಗೋಡೆಯ ಕಡೆಗೆ, ಒಂದು ಕಾಡುಬಳ್ಳಿ ಹಬ್ಬಿತ್ತು. ನೆಲದಿಂದ ಎದ್ದು ಗಾಲಿಯ ಕಡ್ಡಿಗಳ ನಡುವೆ ನುಸುಳಿ, ಒಳಗಿನ ಕಬ್ಬಿಣಕ್ಕೆ ಸುತ್ತಿ ಸುತ್ತಿ ಮೇಲೆ ಹೋಗಿತ್ತು. ಹೂ ಬಿಟ್ಟು, ಆ ಹೂ ಬಾಡಿ, ಬೀಜ ಕೂಡ ಕಟ್ಟಿತ್ತು.

ಅವಳ ಬಾಯಿಯ ತನಕ ಕೂಗು ಬಂತು. ಮಂದಾರ ಎರಡೇ ಹೆಜ್ಜೆ ಆಚೆ ನಿಂತಿದ್ದ.

ಅನುಜಾ ಬಾಯಿ ಮುಚ್ಚಿದಳು. ಲೇಸ್ ಕಟ್ಟಿ ಎದ್ದಳು. ಅಜ್ಜಿಯ ಹತ್ತಿರ ಹೋಗಿ ಸೆರಗಿನ ಕೆಳಗೆ ಅವಳ ಕೈ ಹಿಡಿದಳು. ಬಾತ್‌ರೂಮಿಗೆ ಹೋಗಬೇಕು ಅನ್ನುವ ದನಿಯಲ್ಲಿ, ಮೆಲ್ಲಗೆ, ಕನ್ನಡದಲ್ಲಿ ಹೇಳಿದಳು.

"ಅಜ್ಜಿ, ನನ್ನ ಸ್ಕಿಪ್ಪಿಂಗ್ ಹಗ್ಗಕ್ಕ ಆದಂಗ ಈ ಗಾಲಿಗೂ ಆಗ್ಯದ. ಬೀಜ ಸೈತ ಬಂದಾವ."

ಅಜ್ಜಿಯ ಮುಖ ಸ್ವಲ್ಪವೂ ಬದಲಾಗಲಿಲ್ಲ. ಸೆರಗಿನ ಕೆಳಗೆ ಮಾತ್ರ ಅವಳ ಕೈ ಅನುಜಾಳ ಬೆರಳುಗಳನ್ನು ಒಮ್ಮೆ ಗಟ್ಟಿಯಾಗಿ ಒತ್ತಿತು.

"ಶಿವಪ್ರಕಾಶ," ಅಂದಳು, "ಹಿಂದಿನ ಗಾಲಿ ನೋಡ್ಕೋ. ಒಳಮಗ್ಗಲು."

ಪಪ್ಪಾ ಕೂತು ನೋಡಿದ. ಭಾಳ ಹೊತ್ತು ನೋಡಿದ. ಎದ್ದು ಕೈ ಝಾಡಿಸಿ, ಗಾಡಿ ಹೋದ ವಾರ ಬಂದದ್ದು ನಿಜವೇ ಎಂದು ಮಂದಾರನನ್ನು ಮತ್ತೊಮ್ಮೆ ಕೇಳಿದ. ನಿಜ ಎಂದ ಮಂದಾರ. ಹಾಗಾದರೆ ಈ ಬಳ್ಳಿಯನ್ನೂ ಫ್ಯಾಕ್ಟರಿಯವರೇ ಕೂರಿಸಿ ಕಳಿಸಿದರೇನು, ಇದೂ ಪ್ಯಾಕೇಜಿನಲ್ಲಿ ಬರುತ್ತದೆಯೇ ಎಂದು ಪಪ್ಪಾ ಕೇಳಿದ. ಅದು ಅಂಗಡಿಯಲ್ಲಿ ಅವನು ಮಾತಾಡುವ ದನಿ.

ಮಂದಾರ ಬಗ್ಗಿ ನೋಡಿ ಕೆಂಪಾದ. ಮೊಬೈಲಿನಲ್ಲಿ ಗಾಡಿಯ ಚಾಸಿ ನಂಬರ್ ಹಾಕಿ ಏನೋ ಹುಡುಕಿದ. ಅವನು ಮೊಬೈಲನ್ನು ಜೇಬಿಗೆ ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳದೆ ಪಪ್ಪಾನಿಗೆ ತೋರಿಸಿದ. ಗಾಡಿ ತಯಾರಾದದ್ದು ಬೇಸಿಗೆಯಲ್ಲಿ. ಮಳೆಗಾಲ ಪೂರ್ತಿ ಅದು ಅಲ್ಲೇ ನಿಂತಿತ್ತು. ತನಗೂ ಹೋದ ವಾರ ಅಂತಲೇ ಹೇಳಿದ್ದರು ಅಂದ, ಸಣ್ಣ ದನಿಯಲ್ಲಿ.

ಈ ಸಲ ಮ್ಯಾನೇಜರೇ ಗಾಜಿನ ಕ್ಯಾಬಿನ್ನಿನಿಂದ ಹೊರಗೆ ಬಂದ.

ಪಪ್ಪಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತ. ಮ್ಯಾನೇಜರ್ ರೇಟಿನಲ್ಲಿ ಸ್ವಲ್ಪ ಇಳಿದ. ಪಪ್ಪಾ ಅಜ್ಜಿಯ ಚೀಲ ಎತ್ತಿಕೊಂಡು ಎದ್ದು ನಿಂತ. ಮ್ಯಾನೇಜರ್ ಇನ್ನೂ ಇಳಿದ. ಪಪ್ಪಾ ಬಾಗಿಲ ತನಕ ನಡೆದ. ಹಾಗೆ ಕೂತು, ಎದ್ದು, ನಡೆದು, ಕೊನೆಗೆ ಪೂರ್ತಿ ಒಂದು ಲಕ್ಷ ಇಪ್ಪತ್ತು ಸಾವಿರ ಇಳಿಯಿತು. ಪ್ಯಾಕೇಜ್ ಹೋಯಿತು. ಹೊಸ ಬ್ಯಾಟರಿ ಬಂತು. ಗಾಡಿ ಮನೆಗೆ ಬರುವ ದಿನದಿಂದ ವಾರಂಟಿ ಅಂತಲೂ ಬರೆದುಕೊಟ್ಟರು. ಪಪ್ಪಾ ಹೇಳಿದ ರೇಟಿಗಿಂತ ಇದು ಕಡಿಮೆಯೇ ಆಗಿತ್ತು. ಇನ್ನೂ ಹತ್ತು ಸಾವಿರಕ್ಕೆ ಅವನು ಬಾಯಿ ತೆರೆದಾಗ ಅಜ್ಜಿ ಅವನ ತೋಳು ಮುಟ್ಟಿದಳು.

"ಸಾಕು ಬಿಡಪಾ. ಅವರೂ ಮನಿಗೆ ಹೋಗಿ ರೊಟ್ಟಿ ತಿನಬೇಕು."

ಹಳೆಯ ಕಾರಿನಲ್ಲಿ ಮನೆಗೆ ಬರುವಾಗ ಪಪ್ಪಾ ಸಿಗ್ನಲ್ ಬಿದ್ದಲ್ಲೆಲ್ಲ ಸ್ಟೇರಿಂಗ್ ಮೇಲೆ ತಾಳ ಹಾಕುತ್ತಿದ್ದ. "ಏನ್ ಕಣ್ಣವ್ವಾ ನಿಂದು," ಅಂತ ಕನ್ನಡಿಯಲ್ಲಿ ಅನುಜಾಳನ್ನು ನೋಡಿದ. ಮರುದಿನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಬಳ್ಳಿಯ ಕತೆ ಹೇಳಿದ.

* * *

ದಸರೆಯ ದಿನ ನೀಲಿ ಗಾಡಿ ಚೆಂಡುಹೂವಿನ ಮಾಲೆ ಹಾಕಿಕೊಂಡು ಶೋರೂಮಿನ ಮುಂದೆ ನಿಂತಿತ್ತು. ಅಲ್ಲಿಂದ ಸೀದಾ ಜೇಜುರಿಗೆ ಹೋಗುವುದಿತ್ತು. ಪಪ್ಪಾ ತೆಂಗಿನಕಾಯಿ ಒಡೆದ. ಮಂದಾರ ಕೀಲಿ ಕೊಟ್ಟ, ಎಲ್ಲರ ಫೋಟೋ ತೆಗೆದ. ಅವನ ನಗುವಿನಲ್ಲಿ ಇನ್ನೂ ಸ್ವಲ್ಪ ಸಂಕೋಚ ಇತ್ತು.

ಅನುಜಾ ಮನೆಯಿಂದ ಥರ್ಮಾಸ್ ತಂದಿದ್ದಳು. ಬೆಳಿಗ್ಗೆ ಎದ್ದು ಶುಂಠಿ ಜಜ್ಜಿ, ಅಜ್ಜಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ತಾನೇ ಮಾಡಿದ ಚಹಾ. ಮುಚ್ಚಳಕ್ಕೆ ಬಗ್ಗಿಸಿ ಎರಡೂ ಕೈಯಿಂದ ಮಂದಾರನ ಮುಂದೆ ಹಿಡಿದಳು. ಅವನು ಗಲಿಬಿಲಿಯಾಗಿ ಪಪ್ಪಾನ ಮುಖ ನೋಡಿದ. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಊದಿ ಊದಿ ಕುಡಿದ. ಭಾರಿ ಛಲೋ ಆಗಿದೆ ಅಂದ.

ಅನುಜಾ ಕೇಳದೆಯೇ ಇನ್ನೊಂದು ಕಪ್ ಬಗ್ಗಿಸಿದಳು. ಅವನು ಸಾಕು ಅಂದರೂ ಬಿಡಲಿಲ್ಲ. ಅದೂ ಖಾಲಿಯಾದ ಮೇಲೆ ಮುಚ್ಚಳ ತೊಳೆದು ಥರ್ಮಾಸಿಗೆ ತಿರುಗಿಸಿ ಬಿಗಿದಳು.

ಗಾಡಿಯ ಹತ್ತಿರ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲು ಮೇಲಿಟ್ಟು, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂತಳು.

ಮಂದಾರ ಎದ್ದು ನಿಂತು, ಅಭ್ಯಾಸದಿಂದ ಕೇಳಿದ. "ಹಾಟ್ ಚಾಕಲೇಟ್?"

ಅನುಜಾ ಅಜ್ಜಿಯ ಮುಖ ನೋಡಲಿಲ್ಲ. ಹೂಂ ಅಂದಳು.

ಕಪ್ ಬಂತು. ಇವತ್ತು ಅದು ಬರೀ ಹಾಟ್ ಚಾಕಲೇಟ್ ಆಗಿತ್ತು. ಕೊನೆಯ ಹನಿಯ ತನಕ ಕುಡಿದು ಅವಳು ಓಡಿಹೋಗಿ ಗಾಡಿ ಹತ್ತಿದಳು.